ಎಪ್ಪತ್ತು ಅಥವಾ ಎಂಬತ್ತು

ಮನೆ, ಮಹಡಿಯ ಕೋಣೆ
ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಣ್ಣಾ,

ಸಲಾಂ. ನಿನ್ನ ಸೊಂಟ ಹೇಗಿದೆ? ಬಂದರಿನ ಕ್ರೇನಿನ ಆ ಗೂಡಿನಲ್ಲಿ ದಿನವಿಡೀ ಕೂತು ಕೆಳಕ್ಕೆ ಬಗ್ಗಿ ನೋಡುವವನಿಗೆ ಸೊಂಟ ಹಿಡಿಯದೆ ಇನ್ನೇನಾಗುತ್ತದೆ! ವೈದ್ಯರು ಕೊಟ್ಟ ಬೆಲ್ಟನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಕಪಾಟಿನಲ್ಲಿ ಮಲಗಿಸಿದ್ದೀಯೋ, ನಿಜ ಬರೆ. ಎಂದಿನ ಹಾಗೆ “ನಾನು ಕ್ಷೇಮ” ಅಂತ ಎರಡು ಸಾಲಿನ ಕಾರ್ಡು ಬಂದರೆ ಈ ಸಲ ಹರಿದು ವಾಪಸು ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಮೊಣಕಾಲು ನೋವೊಂದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಕನ್ನಡಕದ ಅಂಗಡಿ ಮುಚ್ಚಿದ ಮೇಲೂ ಮನೆಗೆ ಬಂದವರ ಕನ್ನಡಕ ಕಸಿದುಕೊಂಡು ಒರೆಸಿಕೊಡುವ ಚಾಳಿ ಹೋಗಿಲ್ಲ. ಮೊನ್ನೆ ಅಂಚೆಯವನದನ್ನೂ ಬಿಡಲಿಲ್ಲ, ಪಾಪ, ಅವನು ಕುರುಡನಂತೆ ಬಾಗಿಲಲ್ಲಿ ನಿಂತಿದ್ದ. ನಿನ್ನ ಹೆಸರನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಆರು ವರ್ಷದಿಂದ ಈ ಮನೆ ಹೀಗೇ ನಡೆದಿದೆ.

ಈಗ ಸುದ್ದಿ. ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ನಗಬೇಡ. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ತರಗತಿ ನಡೆಯುತ್ತದೆ. ಪ್ರವಾದಿಯವರ ಬದುಕನ್ನು ಮೊದಲ ಕಾಲದ ಮುಸ್ಲಿಮರು ದಾಖಲಿಸಿಟ್ಟ ಮೂಲಗಳಿಂದಲೇ ಓದುವುದು. ಅಜ್ಜಿ ನಮ್ಮಿಬ್ಬರನ್ನೂ ಆಚೀಚೆ ಕೂರಿಸಿಕೊಂಡು ಹೇಳಿದ ಕಥೆಗಳೇ ತಾನೇ, ಗೊತ್ತಿಲ್ಲದ್ದೇನಿದೆ ಎಂಬ ಗತ್ತಿನಲ್ಲೇ ಹೋದೆ. ಪಾಠ ಹೇಳುವವರಿಗೆ ನಾವಿಟ್ಟ ಹೆಸರು “ಯಾರಿಂದ ಮೇಷ್ಟ್ರು”. ಯಾರು ಏನು ಹೇಳಿದರೂ ಅವರು ಮೊದಲು ಕೇಳುವುದು, “ಯಾರಿಂದ ಕೇಳಿದ್ರಿ?” ಒಂದು ದಿನ ನಮ್ಮ ಜೊತೆ ಕಲಿಯುವ ಔಷಧಿ ಅಂಗಡಿಯ ಹೆಂಗಸು ಹೊರಗೆ ಮಳೆಯಂತೆ ಎಂದಳು. ಅದಕ್ಕೂ “ಯಾರಿಂದ?” ಆಕೆ ಎದ್ದು ಕಿಟಕಿ ತೆರೆದು ಕೈ ಹೊರಗೆ ಚಾಚಿ, ಒದ್ದೆ ಅಂಗೈ ಅವರ ಮುಖದ ಮುಂದೆ ಹಿಡಿದು, “ಈಗ ನನ್ನಿಂದ್ಲೇ, ಸಾರ್” ಅಂದಳು. ಮೇಷ್ಟ್ರಿಗೆ ಅವತ್ತು ಆದ ಸಂತೋಷ ನೋಡಬೇಕಿತ್ತು.

ಆ ಮೂಲಗಳಲ್ಲಿ ಬಹುಪಾಲು ಸಂಗತಿಗಳು ಒಂಟಿಯಾಗಿ ಬರುವುದೇ ಇಲ್ಲ ಅಣ್ಣಾ. ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ, ಅವರು ಕಣ್ಣಾರೆ ಕಂಡವರಿಂದ ಎಂದು ಮೊದಲು ಹೆಸರುಗಳ ಸರಪಳಿ, ಆಮೇಲೆ ವಿಷಯ. ನನಗೆ ಮೊದಮೊದಲು ತಲೆಚಿಟ್ಟು ಹಿಡಿಯಿತು. ಹೆಸರುಗಳನ್ನು ಹಾರಿಸಿ ವಿಷಯಕ್ಕೆ ಜಿಗಿಯುತ್ತಿದ್ದೆ. ಆದರೆ ವಿಷಯ ಎಂಥದ್ದು ನೋಡು. ಒಬ್ಬರನ್ನು ಕೇಳುತ್ತಾರೆ: ಮಧ್ಯಾಹ್ನದ ನಮಾಜಿನಲ್ಲಿ ಪ್ರವಾದಿಯವರ ದನಿ ಕೇಳಿಸುತ್ತಿರಲಿಲ್ಲವಲ್ಲ, ಅವರು ಓದುತ್ತಿದ್ದರೆಂದು ನಿಮಗೆ ಹೇಗೆ ತಿಳಿಯುತ್ತಿತ್ತು? ಗಡ್ಡ ಅಲುಗುತ್ತಿದ್ದುದರಿಂದ, ಎಂದು ಉತ್ತರ. ಇನ್ನೊಬ್ಬರು ಅವರ ತಲೆ, ಗಡ್ಡ ಎರಡರಲ್ಲೂ ಸೇರಿ ಇಪ್ಪತ್ತು ನರೆಗೂದಲೂ ಇರಲಿಲ್ಲ ಅನ್ನುತ್ತಾರೆ. ಅವರು ಯಾರ ಕಡೆಗಾದರೂ ತಿರುಗಿದರೆ ಬರೀ ಕತ್ತು ತಿರುಗಿಸದೆ ಇಡೀ ಮೈಯಿಂದ ತಿರುಗುತ್ತಿದ್ದರಂತೆ. ಕಿತ್ತ ಚಪ್ಪಲಿಯನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದರಂತೆ. ಮೊಮ್ಮಗಳನ್ನು ಎತ್ತಿಕೊಂಡೇ ನಮಾಜಿಗೆ ನಿಂತು, ಹಣೆ ನೆಲಕ್ಕಿಡಲು ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಂಡರಂತೆ. ಅಜ್ಜಿ ಹೇಳುವಾಗ ಅವರು ನನಗೆ ಬೆಳಕಾಗಿ ಕಾಣುತ್ತಿದ್ದರು, ಬಹಳ ದೂರದಲ್ಲಿ. ಇದನ್ನೆಲ್ಲ ಓದಿದಾಗ ಬೆಳಕು ಕಡಿಮೆಯಾಗಲಿಲ್ಲ, ಹತ್ತಿರ ಬಂತು. ಒಬ್ಬರನ್ನು ಅವರ ಸುತ್ತ ಇದ್ದವರು ಎಷ್ಟು ಪ್ರೀತಿಸಿದ್ದರೆ ಗಡ್ಡದ ಅಲುಗಾಟವನ್ನೂ ಜೋಪಾನ ಮಾಡಿಟ್ಟಾರು! ಹಾಗಂತ ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸುವವರಲ್ಲ. ಎಷ್ಟೋ ಸಂಗತಿ ಬರಹಕ್ಕಿಳಿದದ್ದು ತಡವಾಗಿ, ಸರಪಳಿಯಲ್ಲಿ ಕೊಂಡಿ ಕಳಚಿದವೂ ಇವೆ, ತೂಗಿ ನೋಡಿ ಅನ್ನುತ್ತಾರೆ. ತೂಗುವುದನ್ನು ಹೇಳಿಕೊಟ್ಟವರೂ ಆ ಹಳಬರೇ.

ಈಗ ನನ್ನ ಪೇಚಾಟ ಕೇಳು. ಕಲಿತ ಅರೆಬರೆ ಅರಬ್ಬಿಯಲ್ಲಿ ಒಬ್ಬೊಬ್ಬರೂ ಒಂದೊಂದು ವರದಿಯನ್ನು ಕನ್ನಡಕ್ಕೆ ತರಬೇಕಿತ್ತು. ನನ್ನ ಪಾಲಿಗೆ ಬಂದದ್ದು ಒಂದು ಮನೆಯ ಊಟದ ಸಂಗತಿ. ಮನೆಯಲ್ಲಿದ್ದದ್ದು ಬಾರ್ಲಿಯ ಕೆಲವೇ ರೊಟ್ಟಿ. ಪ್ರವಾದಿಯವರು ಪ್ರಾರ್ಥಿಸಿ, ಜನರನ್ನು ಹತ್ತು ಹತ್ತಾಗಿ ಒಳಗೆ ಕರೆಸಿದರು, ಎಲ್ಲರೂ ಹೊಟ್ಟೆ ತುಂಬ ಉಂಡರು. ಇದನ್ನು ಹೇಳಿದವರು ಆ ಮನೆಯಲ್ಲೇ ಬೆಳೆದವರು. ಕೊನೆಗೆ ಅವರು ಹೇಳುವುದು, ಉಂಡವರು ಎಪ್ಪತ್ತು ಅಥವಾ ಎಂಬತ್ತು ಮಂದಿ ಎಂದು. ಪುರಸಭೆಯಲ್ಲಿ ನನ್ನ ಕೆಲಸ ಗೊತ್ತಲ್ಲ, ಸಭೆಯ ನಡಾವಳಿ ಬರೆಯುವುದು. ಸದಸ್ಯರು ಎರಡು ಗಂಟೆ “ಅಂದ್ರೆ, ಅಲ್ಲ, ಅಥವಾ” ಅಂತ ತಡಕಾಡಿದ್ದನ್ನು ನಾನು “ತೀರ್ಮಾನಿಸಲಾಯಿತು” ಎಂಬ ಒಂದು ಸಾಲಿಗೆ ಇಳಿಸುತ್ತೇನೆ. ಅದೇ ಕೈ ಇಲ್ಲೂ ಓಡಿತು. ಅಥವಾ ತೆಗೆದು ಎಂಬತ್ತು ಮಂದಿ ಎಂದು ನೀಟಾಗಿ ಬರೆದುಕೊಂಡು ಹೋದೆ. ಮೇಷ್ಟ್ರು ಓದಿ, ಸಿಟ್ಟಾಗದೆ, ಮೆಲ್ಲಗೆ ಕೇಳಿದರು: “ಅಲ್ಲೇ ಇದ್ದವ್ರಿಗೆ ಗೊತ್ತಾಗ್ದೇ ಇದ್ದದ್ದು ನಿಮಗೆ ಹೇಗೆ ಗೊತ್ತಾಯ್ತಮ್ಮಾ?”

ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಎರಡು ದಿನ ಬಿಟ್ಟು ಪಾತ್ರೆ ತೊಳೆಯುವಾಗ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಅಷ್ಟು ದೊಡ್ಡ ಅದ್ಭುತ ಹೇಳುವವರು, ನೂರು ಎಂದರೂ ಕೇಳುವವರು ನಂಬುತ್ತಿದ್ದರು. ಅವರು ಎಂಬತ್ತನ್ನೂ ಒಪ್ಪಲಿಲ್ಲ. ತನಗೆ ನೆನಪಿಲ್ಲದ ಆ ಹತ್ತು ಜನರ ಜಾಗವನ್ನು ಹಾಗೇ ಬಿಟ್ಟರು. ಆಮೇಲೆ ಬಂದವರೂ ಆ ಜಾಗ ತುಂಬಲಿಲ್ಲ. ಬಾಯಿಂದ ಬಾಯಿಗೆ, ಊರಿಂದ ಊರಿಗೆ, ಇಷ್ಟು ಶತಮಾನ ದಾಟಿ ಆ “ಅಥವಾ” ನನ್ನ ಮೇಜಿನವರೆಗೆ ಬಂದಿತ್ತು, ನಾನು ಅದನ್ನು ಒಂದು ಗೀಟಿನಲ್ಲಿ ಹೊಡೆದುಹಾಕಿದ್ದೆ. ಪ್ರವಾದಿಯವರ ಮತ್ತೊಬ್ಬ ಒಡನಾಡಿಯ ಬಗ್ಗೆ ತರಗತಿಯಲ್ಲಿ ಓದಿದ್ದೂ ಆಗ ನೆನಪಾಯಿತು. ಪ್ರವಾದಿಯವರ ಮಾತು ಹೇಳುವಾಗ ಅವರಿಗೆ ನಡುಕ ಬಂದುಬಿಡುತ್ತಿತ್ತಂತೆ, ಹೇಳಿ ಮುಗಿಸಿ “ಅಥವಾ ಇದಕ್ಕೆ ಹತ್ತಿರದ್ದು, ಅಥವಾ ಇಂಥದ್ದು” ಎಂದು ಸೇರಿಸುತ್ತಿದ್ದರಂತೆ. ಪಾತ್ರೆ ಅಲ್ಲೇ ಬಿಟ್ಟು ನಲ್ಲಿ ನಿಲ್ಲಿಸಿದೆ. ಅತ್ತುಬಿಟ್ಟೆ ಅಂತಲೇ ಇಟ್ಟುಕೋ.

ಹೋದ ಭಾನುವಾರದ ಪಾಠ ಇನ್ನೊಂದು. ಪ್ರವಾದಿಯವರ ಒಂದೇ ಒಂದು ಮಾತು ಬೇರೆಯವರ ಮೂಲಕ ಕಿವಿಗೆ ಬಿದ್ದಿದ್ದಕ್ಕೆ ಒಬ್ಬರು ಒಂಟೆ ಕೊಂಡು, ಒಂದು ತಿಂಗಳು ಪ್ರಯಾಣ ಮಾಡಿ, ಅದನ್ನು ನೇರವಾಗಿ ಕೇಳಿದವರ ಮನೆಬಾಗಿಲು ತಟ್ಟಿದರಂತೆ. ಅದನ್ನು ಕೇಳಿಸಿಕೊಳ್ಳುವ ಮುಂಚೆ ನೀವು ಅಥವಾ ನಾನು ಸತ್ತುಹೋದರೆ ಎಂದು ಹೆದರಿ ಬಂದೆ, ಅಂದರಂತೆ. ಮೇಷ್ಟ್ರು ಮುಂದೆ ಹೇಳಿದ್ದೊಂದೂ ನನಗೆ ಕೇಳಿಸಲಿಲ್ಲ. ನನ್ನ ತಲೆಯಲ್ಲಿ ನೀನು ಬಂದುಬಿಟ್ಟಿದ್ದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ “ಈ ಅಂಗ್ಡಿ ನನಗೆ ಬೇಡ” ಅಂತ ಅಪ್ಪನಿಗೆ ಹೇಳಿ ಹೊರಟುಹೋದವನು, ಕೆಲವು ತಿಂಗಳ ಮೇಲೆ ಚಿಕ್ಕಪ್ಪನಿಗೆ ಫೋನು ಮಾಡಿ ಮನೆಗೆ ಬರಲೇ ಎಂದು ಕೇಳಿದೆ. ಚಿಕ್ಕಪ್ಪ ಹೇಳಿದ್ದಕ್ಕೆ ಅಪ್ಪನನ್ನು ಕೇಳಿದ್ದು ಅತ್ತೆ. ಅಪ್ಪನ ಉತ್ತರ ಅತ್ತೆಯಿಂದ ಚಿಕ್ಕಪ್ಪನಿಗೆ, ಚಿಕ್ಕಪ್ಪನಿಂದ ನಿನಗೆ ಬಂತು: “ಅವನು ಮನೆಗೆ ಬರೋದು ಬೇಡ.” ಆ ಒಂದು ಸಾಲಿಗೆ ನೀನು ಆರು ವರ್ಷ ಕ್ರೇನು ಹತ್ತಿ ಕೂತೆ. ಅಲ್ಲಿದ್ದವಳು ಅತ್ತೆ ಒಬ್ಬಳೇ, ಅವಳ ಮನೆ ಇಲ್ಲಿಂದ ಒಂದು ಬಸ್ಸು. ಒಂಟೆ ಕೊಂಡ ಅವರಿಗೆ ಒಂದು ತಿಂಗಳ ಮರಳುಗಾಡು ದೂರವಾಗಲಿಲ್ಲ, ನಮಗೆ ಒಂದು ಬಸ್ಸು ದೂರವಾಯಿತು. ನಮ್ಮ ಮನೆಜಗಳವನ್ನು ಆ ದೊಡ್ಡ ಸಂಗತಿಯ ಪಕ್ಕ ಇಡುತ್ತಿಲ್ಲ, ದೇವರು ಕ್ಷಮಿಸಲಿ. ಅವರ ನಡತೆಯನ್ನು ಸ್ವಲ್ಪ ಸಾಲ ಪಡೆದೆ, ಅಷ್ಟೇ.

ತರಗತಿಯಿಂದ ನೇರ ಬಸ್ಸು ಹತ್ತಿದೆ. ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೂತವಳೇ ಕೇಳಿದೆ: ಅಪ್ಪ ಅವತ್ತು ಅಂದದ್ದು ಏನು, ನೀನು ಕಿವಿಯಾರೆ ಕೇಳಿದ್ದು ಏನು? ಅತ್ತೆ ದಿಂಬಿನ ಚೀಲವನ್ನು ಎದೆಗೆ ಒತ್ತಿಕೊಂಡು ಯೋಚಿಸಿದಳು. “ಬರೋದು ಬೇಡ ಅಂದ್ನೋ, ಬರೋದು ಬೇಡ್ವಾ ಅಂದ್ನೋ, ನನಗೆ ಸರಿಯಾಗಿ ಗೊತ್ತಿಲ್ಲ ಕಣೇ. ಬಕೆಟ್ಟು ತುಂಬಿ ಹರೀತಿತ್ತು, ನಲ್ಲಿ ನಿಲ್ಸೋಕೆ ಎದ್ದೆ. ನಿಮ್ಮ ಚಿಕ್ಕಪ್ಪಂಗೆ ಎರಡೂ ಹೇಳಿದ್ದೆ.” ಕೇಳಿದೆಯಾ ಅಣ್ಣಾ? ಎರಡೂ ಹೇಳಿದ್ದಳು. ಫೋನಿನಲ್ಲಿ ಮಾತು ಉಳಿಸುವ ಚಿಕ್ಕಪ್ಪ ಎರಡರಲ್ಲಿ ಚಿಕ್ಕದನ್ನು ನಿನಗೆ ದಾಟಿಸಿದರು. ಅವರ ಮೇಲೆ ಸಿಟ್ಟಾಗಲು ನನಗೆ ಮುಖವಿಲ್ಲ, ನಾನು ಎಂಬತ್ತಕ್ಕೆ ಮಾಡಿದ್ದೂ ಅದೇ ತಾನೇ. ಬೇಡ ಅಂದರೆ ಬಾಗಿಲು ಮುಚ್ಚಿದ್ದು. ಬೇಡ್ವಾ ಅಂದರೆ ತೆರೆದು ನಿಂತು ಕೇಳಿದ್ದು. ನಡುವೆ ಇರುವುದು ಒಂದು “ವಾ”. ಎರಡರಲ್ಲಿ ಸಿಹಿಯಾದದ್ದನ್ನೇ ಆರಿಸಿ ನಿನಗೆ ಬರೆದುಬಿಡೋಣ ಎಂದು ಕೈ ತುರಿಸಿತು. ಆದರೆ ಅವಳಿಗೆ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಕಳಿಸುತ್ತಿದ್ದೇನೆ: ಅತ್ತೆಯಿಂದ ನಾನು ಕೇಳಿದಂತೆ, ಅಪ್ಪ ಬೇಡ ಅಂದರು, ಅಥವಾ ಬೇಡ್ವಾ ಅಂದರು.

ದೇವರು ನಿನ್ನ ಸೊಂಟಕ್ಕೆ ಬಲ ಕೊಡಲಿ, ಮೊಂಡುತನಕ್ಕೆ ಕೊಟ್ಟದ್ದರಲ್ಲಿ ಸ್ವಲ್ಪ ವಾಪಸು ತೆಗೆದುಕೊಳ್ಳಲಿ. ಅತ್ತೆ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ತಂಗಿ,
ನೀನೇ ಹೆಸರಿಟ್ಟ ಚಾಡಿಕೋರಿ

ತಾ.ಕ.: ಲಕೋಟೆ ಹುಡುಕಿಕೊಂಡು ಕೆಳಗಿಳಿದೆ. ಅಪ್ಪ “ಯಾರಿಗೆ?” ಅಂದರು. ಸುಳ್ಳು ಬಾಯಿಗೆ ಬರಲಿಲ್ಲ, ಅಣ್ಣನಿಗೆ ಅಂದೆ. ಅಂದದ್ದೇ ಧೈರ್ಯವಾಗಿ, ಅವತ್ತು ನೀವು ಅಂದದ್ದು ಬೇಡ ಅಂತಲೋ ಬೇಡ್ವಾ ಅಂತಲೋ ಎಂದೂ ಕೇಳಿಬಿಟ್ಟೆ. ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ. ನಡುವೆ ಯಾರೂ ಇಲ್ಲ, ನಾನೇ ಕೇಳಿದ್ದು. “ಎರಡೂ ಅಂದೆ. ಮೊದ್ಲು ಬೇಡ ಅಂದೆ, ಸಿಟ್ಟಿತ್ತು. ನಿಮ್ಮತ್ತೆ ನಲ್ಲಿ ಕಡೆ ಹೋದ್ಲು. ಆಮೇಲೆ ಬೇಡ್ವಾ ಅಂತ ಕೇಳ್ದೆ. ಯಾರೂ ಉತ್ತರ ಹೇಳ್ಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.” ನಾನೂ ಹೇಳಲಿಲ್ಲ ಅಣ್ಣಾ. ಅದು ನೀನು ಬಂದು ಹೇಳಬೇಕಾದದ್ದು. ಇನ್ನೊಂದು, ಲಕೋಟೆಯ ಮೇಲಿನ ಅಕ್ಷರವನ್ನು ನೀನು ಆಗಲೇ ಗುರುತಿಸಿರಬೇಕು. ನನ್ನ ಕೈಯಿಂದ ತೆಗೆದುಕೊಂಡು ಅಪ್ಪನೇ ಬರೆದರು. ವಿಳಾಸ ನಾನು ಹೇಳಿಕೊಡಲಿಲ್ಲ.