ಹನ್ನೊಂದು ರೊಟ್ಟಿಯ ಫಿಲ್ಮು

ಭಾಲ್ಕಿ
೨೪ ಅಕ್ಟೋಬರ್ ೧೯೪೮, ರವಿವಾರ

ನಮ್ಮ ಮನೆಯವರಿಗೆ ವತ್ಸಲಾ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಹೈದರಾಬಾದಿನ ಆ ಸ್ಟುಡಿಯೋದ ಕತ್ತಲಕೋಣೆಯಲ್ಲಿ ಫಿಲ್ಮು ತೊಳೆಯುವ ಔಷಧದ ವಾಸನೆ ಕುಡಿದು ಎದೆ ಕೆಡಿಸಿಕೊಳ್ಳಬೇಡಿ. ಅತ್ತೆ ಗಟ್ಟಿಯಾಗಿದ್ದಾರೆ, ನನ್ನನ್ನು ಬೈಯುವಷ್ಟು ಗಟ್ಟಿ. ನನ್ನ ಸುದ್ದಿ ಮಾತ್ರ ಕೇಳಬೇಡಿ. ಯಾರಾದರೂ ಬಾಗಿಲು ಬಡಿದರೆ ಸಾಕು, ಮೊದಲು ಕಿಂಡಿಯಲ್ಲಿ ಇಣುಕುತ್ತೇನೆ. ಇದನ್ನು ಟಪಾಲಿಗೆ ಹಾಕದೆ ಅಣ್ಣ ಭಾಲಚಂದ್ರನ ಬುತ್ತಿಗಂಟಿನಲ್ಲಿಟ್ಟು ರೈಲಿಗೆ ಕಳುಹಿಸುತ್ತಿರುವುದೂ ಅದಕ್ಕೇ.

'ಅವ್ವ ಮುಂಜಾನೆ ರೊಟ್ಟಿ ಬಡಿಯೂದು ತೆಗದು ಕಳಸು, ಮನಿ ಭಾಳ ನೆನಪಾಗ್ತದ' ಎಂದು ಕೀಲಿ ಕೊಡುವ ಸಿನೆಮಾ ಕ್ಯಾಮೆರಾ ಬಿಟ್ಟು ಹೋದವರು ನೀವು. ಹೋದ ತಿಂಗಳ ಕೊನೆಯಲ್ಲಿ ತೆಗೆದು ಕಳುಹಿಸಿದವಳು ನಾನು. ಅದನ್ನು ತೊಳೆದು, ನೋಡಿ, ನೀವು ಬರೆದದ್ದೇನು? 'ಇಬ್ಬರಿಗಿ ಹನ್ನೊಂದು ರೊಟ್ಟಿ ಯಾಕ? ಮನಿಗಿ ಬೀಗರು ಬಂದಾರೇನು? ದೀಪಾವಳಿಗಿ ಗೋಡಿ ಮ್ಯಾಲ ಎಲ್ಲಾರಿಗಿ ತೋರಸ್ತೀನಿ.' ಅದೂ ಕಾರ್ಡಿನಲ್ಲಿ! ನಿಮ್ಮ ತಮಾಷೆಗೆ ಬೆಂಕಿ ಬೀಳಲಿ! ಟಪಾಲಿನವನ ಕೈಯಿಂದ ಅದನ್ನು ಇಸಿದುಕೊಂಡು ಚಾವಡಿಯಲ್ಲಿ ಗಟ್ಟಿಯಾಗಿ ಓದಿದವನು ಮಡೆಪ್ಪ. ರಜಾಕಾರರ ಸೇಡು ತೀರಿಸುತ್ತೇನೆಂದು, ಯಾರ ಮನೆಯಲ್ಲಿ ಮುಸಲ್ಮಾನರು ಅಡಗಿದ್ದಾರೆಂದು ಹೋದ ವಾರ ಮೂರು ಮನೆ ಹೊಕ್ಕು ಜಾಲಾಡಿದನಲ್ಲ, ಅದೇ ಮಡೆಪ್ಪ. ನಮ್ಮ ಬಾಗಿಲಿಗೇ ಬಂದು ನಕ್ಕ: 'ದೀಪಾವಳಿಗಿ ಗೋಡಿ ಮ್ಯಾಲ ತೋರಸ್ತೀರಂತಲ್ರಿ ಬಾಯಾರ, ನಾವೂ ಬರ್ತೇವ್ರಿ, ರೊಟ್ಟಿ ಎಣಸ್ತೇವ್ರಿ.'

ಬೀಗರಲ್ಲ. ಹಿಂದಿನ ಓಣಿಯ ಕುಲಸುಮಬೀ, ಅವಳ ನಾಲ್ಕು ವರ್ಷದ ಮಗಳು. ಒಂದು ತಿಂಗಳಿಂದ ನಮ್ಮ ಕಾಳಿನ ಕೋಣೆಯಲ್ಲಿದ್ದಾರೆ. ಟಪಾಲು ನಂಬಿ ಬರೆಯುವ ಧೈರ್ಯವಾಗಲಿಲ್ಲ, ಕ್ಷಮಿಸಿ.

ನೀವು ತಿರುಗಿ ಕಳುಹಿಸಿದ ಫಿಲ್ಮನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ತೆಗೆಯುವಾಗ ನನ್ನ ಕಣ್ಣೆಲ್ಲ ಅತ್ತೆಯ ಕೈ ಮೇಲೆ. ಅತ್ತೆ ರೂಢಿಯಂತೆ ಮೊದಲ ಬಿಸಿ ರೊಟ್ಟಿಯನ್ನು, ತಿರುಗಿಯೂ ನೋಡದೆ, ಹಿಂದೆ ಮಗುವಿಗೆ ಚಾಚಿದ್ದಾರೆ. ಕೋಣೆಯ ಬಾಗಿಲಿನಿಂದ ಆ ಮಗು ಪೂರ್ತಿ ಮುಖ ಹೊರಗೆ ಹಾಕಿ, ರೊಟ್ಟಿ ಕಚ್ಚಿ, ನಗುತ್ತಿದೆ. ಹಿಂದೆ ಕುಲಸುಮಬೀಯ ಕೈ ಅದರ ಲಂಗ ಹಿಡಿದು ಎಳೆಯುತ್ತಿದೆ. ನೀವು ನಿಮ್ಮ ಅವ್ವನನ್ನಷ್ಟೇ ನೋಡಿರಬೇಕು. ಮಡೆಪ್ಪ ಹಾಗಲ್ಲ.

ಫಿಲ್ಮು ಹರಿದರೆ ಇರಲೆಂದು ನೀವು ಜೊತೆಗೆ ಕಳುಹಿಸಿದ ಅಂಟು ತೆಗೆದು ಕತ್ತರಿ ಹಿಡಿದೆ. ಮೊದಲ ಸಲ ತಲೆಕೆಳಗಾಗಿ ಅಂಟಿಸಿದೆ. ಅತ್ತೆ 'ನನ್ನ ಒಲಿ ಮಾಳಗಿಗಿ ಹಚ್ಚೀಯಲ್ಲ!' ಎಂದು ನಕ್ಕುಬಿಟ್ಟರು, ಆಮೇಲೆ ಇಬ್ಬರೂ ಅತ್ತೆವು. ಮತ್ತೆ ಬಿಡಿಸಿ ಅಂಟಿಸಿದ್ದೇನೆ. ಈಗ ಅತ್ತೆಯ ಕೈ ಒಮ್ಮೆಲೇ ಹಂಚಿನಿಂದ ಹಿಟ್ಟಿಗೆ ಹಾರುತ್ತದೆ, ಮಗು ಇಲ್ಲ. ಹನ್ನೊಂದು ರೊಟ್ಟಿಗೆ ನೀವೇ ಉತ್ತರ ಕೊಡಬೇಕು. ಬುತ್ತಿಯಲ್ಲಿ ಕಡಕ್ ರೊಟ್ಟಿ ಇವೆ. ನಾಳೆಯೇ ಕಾರ್ಡು ಬರೆಯಿರಿ: 'ಅವ್ವ ಪ್ರತಿ ವಾರ ಕಳಿಸೂ ಕಡಕ್ ರೊಟ್ಟಿ ಮುಟ್ಟಿದವು.' ಮಡೆಪ್ಪ ಅದನ್ನೂ ಚಾವಡಿಯಲ್ಲಿ ಓದಲಿ. ಹಬ್ಬಕ್ಕೆ ಫಿಲ್ಮು ತೋರಿಸುವ ಯಂತ್ರ ತಂದೇ ಬನ್ನಿ. ತೋರಿಸದಿದ್ದರೆ ಸಂಶಯ ಗಟ್ಟಿಯಾಗುತ್ತದೆ.

ಅತ್ತೆಯ ಆಶೀರ್ವಾದ. ಬಿಸಿನೀರು ಕುಡಿಯಿರಿ.

ನಿಮ್ಮ
ವತ್ಸಲಾ

ತಾ.ಕ.: ಅಣ್ಣ ಹೊರಟು ನಿಂತಿದ್ದಾನೆ. ಕತ್ತರಿಸಿದ ತುಂಡನ್ನು ಒಲೆಗೆ ಹಾಕೆಂದರು ಅತ್ತೆ. ಕುಲಸುಮಬೀ ನನ್ನ ಕೈ ಬಿಡಲಿಲ್ಲ, 'ಇಕಿ ಅಬ್ಬಾರಿಗಿ ಒಮ್ಮಿ ತೋರಸ್ರಿ ಅಕ್ಕಾ' ಎಂದಳು. ಬುತ್ತಿಯ ಕೆಳಗಿನ ರೊಟ್ಟಿಗಳ ನಡುವೆ ಬಟ್ಟೆ ಸುತ್ತಿಟ್ಟಿದ್ದೇನೆ, ನಾಲ್ಕು ಬೆರಳುದ್ದ. ಹೆಂಡತಿ, ಮಗಳು ಸತ್ತರೆಂದು ನಿಮ್ಮ ಪಕ್ಕದ ಮೇಜಿನ ರಶೀದ ಅಹ್ಮದರು ಊಟ ಬಿಟ್ಟಿದ್ದಾರೆಂದು ಬರೆದಿದ್ದಿರಲ್ಲ? ಯಾರೂ ಇಲ್ಲದಾಗ ಬೆಳಕಿಗೆ ಹಿಡಿದು ತೋರಿಸಿ. ಮೊದಲು ಅವರನ್ನು ಕುಳ್ಳಿರಿಸಿ.