ಕಾಲರ್‌ಗೆ ಸಿಕ್ಕಿಸಿದ ಮೈಕು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಬ್ಬಿಯ ನಮಸ್ಕಾರ. ಭಾವನಿಗೂ ತಿಳಿಸು. ಚಿಕ್ಕವಳ ಮುಂದಿನ ಹಲ್ಲು ಬಿದ್ದ ಫೋಟೋ ನೋಡಿ ನಕ್ಕೂ ನಕ್ಕೂ ಸಾಕಾಯಿತು. ಥೇಟ್ ನಮ್ಮಮ್ಮನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಕಲಿತಿದ್ದಾಳಲ್ಲೇ!

ಪಂದ್ಯ ಮುಗಿದ ಕೂಡಲೇ ನೀನು ಕಳಿಸಿದ ಸಂದೇಶಕ್ಕೆ ಇಷ್ಟು ದಿನ ಉತ್ತರ ಕೊಡದೆ ಕೂತಿದ್ದಕ್ಕೆ ಬೈಯಬೇಡ. "ಸರಿಯಾಗಿ ಬುದ್ಧಿ ಕಲಿಸಿದೆ ಕಣೇ, ನನ್ನ ಹೊಟ್ಟೆ ತಣ್ಣಗಾಯ್ತು" ಎಂದು ಬರೆದಿದ್ದೆ. ಆಮೇಲೆ ಫೋನೂ ಮಾಡಿದೆ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ದಾರಿ ತಪ್ಪುತ್ತೇನೆ. ಅದಕ್ಕೇ ಈ ಕಾಗದ. ಅಲ್ಲದೆ ನೀನು ಟೀವಿಯಲ್ಲಿ ನೋಡಿದ್ದು ಕೊನೆಯ ತುಣುಕು ಮಾತ್ರ. ಅದಕ್ಕಾಗಿ ನಾನು ಏನೇನು ಕಲಿತೆ ಎಂದು ನಿನಗೂ ಹೇಳಿರಲಿಲ್ಲ.

ನನ್ನ ಮಂಡಿ ಹೋದ ದಿನ ನಿನಗೆ ನೆನಪಿದ್ದೇ ಇರುತ್ತದೆ, ನೀನೂ ಅಲ್ಲೇ ಇದ್ದೆ. ಬಾಸ್ಕೆಟ್ ಕೆಳಗೆ ಜಿಗಿದು ಇಳಿಯುವಾಗ ಮಂಡಿಯ ಒಳಗೆಲ್ಲೋ ಬಟ್ಟೆ ಹರಿದ ಸದ್ದಾಯಿತು. ಸ್ಟ್ರೆಚರಿನಲ್ಲಿ ಹೊರಗೆ ಹೋಗುವಾಗ ಆಟ ನಿಂತಿತ್ತು, ಬಾಗಿಲ ಮೇಲಿದ್ದ ಟೀವಿಯಲ್ಲಿ ದೊಡ್ಡ ಸರ್ ವರದಿಗಾರರ ಜೊತೆ ಮಾತಾಡುತ್ತಿದ್ದ. ನಮ್ಮ ಕೋಚ್‌ಗೆ ನಾವೆಲ್ಲ ಹಾಗೆಯೇ ಅನ್ನುತ್ತಿದ್ದೆವಲ್ಲ. "ಈಗಿನ ಹುಡುಗೀರಿಗೆ ನೋವಿಗಿಂತ ನಾಟಕ ಜಾಸ್ತಿ. ಸೋಲ್ತೀವಿ ಅಂತ ಗೊತ್ತಾದ ತಕ್ಷಣ ಕಾಲು ನೋಯೋಕೆ ಶುರುವಾಗುತ್ತೆ" ಎಂದು ನಕ್ಕ. ಆ ನಗು ಮನೆಮನೆಗೂ ಹೋಯಿತು. ಆಸ್ಪತ್ರೆಯಲ್ಲಿ ಬ್ಯಾಂಡೇಜು ಬದಲಿಸಲು ಬಂದವಳು ಕೂಡ "ಓ, ಟೀವಿಲಿ ಹೇಳಿದ್ರಲ್ಲ, ಆ ಹುಡುಗಿನಾ ನೀನು?" ಎಂದು ಕೇಳಿದಳು.

ಶಸ್ತ್ರಚಿಕಿತ್ಸೆಯಾಗಿ ಗೋಡೆ ನೋಡುತ್ತಾ ಮಲಗಿದ್ದಾಗ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಆತ ಹೇಳಿದ, ಸರಿ. ತೋರಿಸಿದವರು ಯಾರು? ಯಾರೋ ಒಬ್ಬರು ಎಲ್ಲೋ ಕೂತು, ಹುಡುಗಿಯ ಸ್ಟ್ರೆಚರ್ ಬೇಡ, ಈತನ ಮುಖ ಹಾಕಿ ಎಂದು ತೀರ್ಮಾನಿಸಿದರಲ್ಲ. ಆ ಕುರ್ಚಿ ನನಗೆ ಬೇಕು ಅನಿಸಿತು. ಊರುಗೋಲು ಬಿಟ್ಟ ಮೇಲೆ ಅದೇ ಕಾಲೇಜಿನಲ್ಲಿ ಕ್ರೀಡಾ ಪ್ರಸಾರದ ತರಗತಿಗೆ ಸೇರಿದಾಗ ಅಮ್ಮ "ಆಟದ ಹತ್ತಿರಾನೇ ಇರ್ತಾಳೆ, ಮನಸ್ಸಿಗೆ ಸಮಾಧಾನ" ಎಂದು ಕಣ್ಣೊರೆಸಿಕೊಂಡಳು. ಸಮಾಧಾನ ಯಾರಿಗೆ ಬೇಕಿತ್ತು! ನಾನು ಸೇರಿದ್ದು ಆತನಿಗಾಗಿ.

ನಮ್ಮ ಕಂಟ್ರೋಲ್ ರೂಮು ಕ್ರೀಡಾಂಗಣದ ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿದೆ. ಮೊದಲು ಚಾಪೆ, ನೆಟ್ಟು ತುಂಬಿಡುತ್ತಿದ್ದ ಕೋಣೆಯಂತೆ. ಈಗ ಒಂದು ಗೋಡೆಯ ತುಂಬ ಪರದೆಗಳು, ಒಂದೊಂದು ಕ್ಯಾಮೆರಾಕ್ಕೆ ಒಂದೊಂದು. ಯಂತ್ರಗಳು ಕಾಯಬಾರದೆಂದು ಎಸಿ ಹಾಕಿರುತ್ತಾರೆ, ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂರುತ್ತೇವೆ. ಮೇಲೆ ಜನ ಕುಣಿದರೆ ನಮ್ಮ ತಲೆಯ ಮೇಲೆ ಧೂಳು ಬೀಳುತ್ತದೆ. ನಮಗೆ ಕಲಿಸುವ ನಿರ್ದೇಶಕಿಗೆ ಹುಡುಗರು ಇಟ್ಟ ಹೆಸರು ಗಡಿಯಾರಮ್ಮ. ಮಾತಾಡುವಾಗಲೂ ಬೆರಳು ಮೇಜಿನ ಮೇಲೆ ಸೆಕೆಂಡು ಎಣಿಸುತ್ತಲೇ ಇರುತ್ತದೆ.

ಮೊದಲ ತಿಂಗಳುಗಳಲ್ಲಿ ಕೇಬಲ್ ಸುತ್ತುವುದೇ ಪಾಠ. ನೇರವಾಗಿ ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಒಂದು ಸುತ್ತು ಹೀಗೆ, ಮುಂದಿನದು ಹಾಗೆ ಹಾಕಬೇಕು. ಕುಂಟುತ್ತಲೇ ಸುತ್ತಿದೆ. ಆಮೇಲೆ ಅಂಕಗಳನ್ನು ಪರದೆಯ ಮೇಲೆ ಹಾಕುವ ಕೆಲಸ. ಒಂದು ದಿನ ಗೆದ್ದವರ ಅಂಕ ಸೋತವರಿಗೆ ಹಾಕಿ, ಎರಡೂ ಕಾಲೇಜಿನವರಿಂದ ಒಟ್ಟಿಗೆ ಉಗಿಸಿಕೊಂಡೆ. ಮೊದಲ ಸಲ ನಿರ್ದೇಶನಕ್ಕೆ ಕೂರಿಸಿದಾಗಲಂತೂ ಕೇಳಬೇಡ. ಎರಡನೇ ಕ್ಯಾಮೆರಾ ಬೇಕಾದಾಗ "ಎರಡು... ಎರಡು..." ಎಂದು ತೊದಲುತ್ತಿದ್ದೆ, ಗುಂಡಿ ಒತ್ತುವವನು ಬೆರಳು ಮೇಲೆತ್ತಿ ಕಾಯುತ್ತಿದ್ದ, ಆಟ ಅತ್ತ ಮುಗಿದೇ ಹೋಗುತ್ತಿತ್ತು. ಗಡಿಯಾರಮ್ಮ ಹೆಡ್‌ಫೋನಿನಲ್ಲೇ ಗದರಿದರು: "ಎರಡು ಅಂತ ಮಗ್ಗಿ ಹೇಳ್ತಿದ್ದೀಯಾ? 'ತಗೋ' ಅನ್ನು. ತಗೋ ಅನ್ನೋ ತನಕ ಇಲ್ಲಿ ಏನೂ ಆಗಲ್ಲ."

ಆ ಮಾತು ನನಗೆ ಎಷ್ಟು ಹಿಡಿಸಿತು ಗೊತ್ತಾ? ತಗೋ ಅನ್ನುವ ತನಕ ಏನೂ ಆಗುವುದಿಲ್ಲ.

ನನ್ನ ಕೈ ಕುದುರಿದ್ದು ರೀಪ್ಲೇಯಲ್ಲಿ. ಚೆಂಡು ಎಲ್ಲಿಂದ ಹೊರಟಿತು, ಯಾರ ಮೊಣಕೈ ಯಾರಿಗೆ ತಾಗಿತು ಎಂದು ಗುರುತು ಹಾಕಿಟ್ಟು, ಕೇಳಿದ ತಕ್ಷಣ ಕೊಡುವ ಕೆಲಸ. ನಾನು ಆಡಿದವಳು, ಏನಾಗುತ್ತದೆ ಎಂದು ಅರೆಕ್ಷಣ ಮುಂಚೆಯೇ ಮೈಗೆ ಗೊತ್ತಾಗುತ್ತದೆ. ಗಡಿಯಾರಮ್ಮ ಹೊಗಳುವವರಲ್ಲ. ಒಂದು ಪಂದ್ಯದ ಕೊನೆಗೆ ತಮ್ಮ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆ ತಳ್ಳಿದರು. ಈ ವರ್ಷ ಪ್ರೊಡ್ಯೂಸರ್ ಮಾಡಿದರು. ಅಂದರೆ ನೋಡುವವರಿಗೆ ಏನು ಹೇಳಬೇಕೆಂದು ಗೊತ್ತುಮಾಡುವವಳು ನಾನು. ಅದನ್ನು ಯಾವ ಕ್ಯಾಮೆರಾದಿಂದ, ಯಾವ ಕ್ಷಣದಲ್ಲಿ ಎಂದು ಕೂಗುವವರು ನಿರ್ದೇಶಕಿ. ಫೈನಲ್‌ಗೆ ನಮ್ಮ ಕಾಲೇಜು ಬಂತು. ಅಂದರೆ ದೊಡ್ಡ ಸರ್ ಬಂದ.

ಕೋಚ್‌ಗಳಿಗೆ ಮೈಕು ಹಾಕಿ, ಟೈಮ್‌ಔಟ್‌ನಲ್ಲಿ ಅವರು ಆಡುವ ಮಾತನ್ನು ಪ್ರಸಾರ ಮಾಡೋಣ ಎಂದು ಸೂಚಿಸಿದ್ದು ನಾನೇ. ಎದುರು ತಂಡದವರು ಒಲ್ಲೆ ಎಂದರು. ಈತ ಒಪ್ಪುತ್ತಾನೆ ಎಂದು ನನಗೆ ಗೊತ್ತಿತ್ತು, ಟೀವಿ ಅಂದರೆ ಬಾಯಿ ಬಿಡುವ ಆಸಾಮಿ. ಮೈಕು ಸಿಕ್ಕಿಸಲು ಬೇರೆಯವರನ್ನು ಕಳಿಸಬಹುದಿತ್ತು. ನಾನೇ ಹೋದೆ. ಆತ ಕತ್ತೆತ್ತಿ ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹಲ್ಲುಬಿಟ್ಟ.

"ಓಹೋ, ನೀನಾ! ಮಂಡಿ ಹೇಗಿದೆ? ಒಳ್ಳೇದೇ ಆಯ್ತು ಬಿಡು, ಕೂತ್ಕೊಂಡು ಮಾಡೋ ಕೆಲಸ ಸಿಕ್ತಲ್ಲ."

"ಹೌದು ಸರ್, ನಿಮ್ಮಿಂದಾನೇ" ಎಂದು ನಗುತ್ತಲೇ ಕಾಲರ್ ಸರಿಮಾಡಿದೆ. ಬಾಸ್ಕೆಟ್ ಕೆಳಗಿನ ಕ್ಯಾಮೆರಾ ಹಿಡಿಯುವ ಉದ್ದಣ್ಣನಿಗೆ ಮೊದಲೇ ಹೇಳಿದ್ದೆ: "ಚೆಂಡು ಎಲ್ಲಿಗೆ ಬೇಕಾದ್ರೂ ಹೋಗಲಿ ಅಣ್ಣ, ನೀವು ಈ ಮನುಷ್ಯನ್ನ ಬಿಡಬೇಡಿ." ಆತ "ಮದುವೆ ಹೆಣ್ಣಿನ ಥರ ನೋಡ್ಕೋತೀನಿ" ಎಂದ.

ಪಂದ್ಯದ ಮೂರನೇ ಭಾಗದಲ್ಲಿ ನಮ್ಮ ತಂಡದ ಜುಟ್ಟಿನ ಹುಡುಗಿಯೊಬ್ಬಳು ಬಿದ್ದಳು. ಮೊದಲ ವರ್ಷದವಳು, ಒಳ್ಳೆ ಜಿಗಿತ. ಎದ್ದು ಬೆಂಚಿಗೆ ಬರುವಾಗ ಎಡಗಾಲು ಎಳೆಯುತ್ತಿದ್ದಳು. ಆತ ಟೈಮ್‌ಔಟ್ ಕೇಳಿದ. ಎದುರು ತಂಡಕ್ಕೆ ಅಂಕ ಬಂದಿದ್ದ ಎಸೆತವನ್ನೇ ನಾವು ಪರದೆಯ ಮೇಲೆ ಮತ್ತೆ ಮತ್ತೆ ತೋರಿಸುತ್ತಿದ್ದೆವು. ಆದರೆ ಉದ್ದಣ್ಣನ ಕ್ಯಾಮೆರಾ, ಕಾಲರಿನ ಮೈಕು ಎರಡೂ ನನ್ನ ಮುಂದೆ ದಾಖಲಾಗುತ್ತಿದ್ದವು. ಆತ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮಂಡಿಗೆ ಹೆಬ್ಬೆರಳು ಒತ್ತಿದ. ಅವಳು ಕೂಗಿಕೊಂಡಳು.

"ಇದೇನು ಕಾಲಾ, ಬೆಣ್ಣೆನಾ? ಏಳು. ಈಗ ಕೂತ್ರೆ ಮುಂದಿನ ವರ್ಷಾನೂ ಕೂತೇ ಇರ್ತೀಯ. ಹೊರಗೆ ಸಾಲು ನಿಂತಿದ್ದಾರೆ ನಿನ್ನ ಜಾಗಕ್ಕೆ."

ಅವಳು ಎದ್ದಳು, ಕಣ್ಣೊರೆಸಿಕೊಂಡು ಆಡಲು ಹೋದಳು. ನಾನು ಆ ಮಾತಿನ ಆರಂಭಕ್ಕೊಂದು, ಕೊನೆಗೊಂದು ಗುರುತು ಹಾಕಿಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಬಿದ್ದಳು. ಈ ಸಲ ಏಳಲಿಲ್ಲ. ನಮ್ಮವರು ಪಂದ್ಯವನ್ನೇನೋ ಗೆದ್ದರು.

ಗೆದ್ದ ಕೋಚ್‌ನ ಸಂದರ್ಶನ ನೇರ ಪ್ರಸಾರವಾಗುತ್ತಿತ್ತು. ಗಾಯಗೊಂಡವಳ ಬಗ್ಗೆ ಕೇಳಿದ್ದಕ್ಕೆ ಆತ ಮುಖ ಸಪ್ಪಗೆ ಮಾಡಿಕೊಂಡ. "ನಾನು ಬೇಡಮ್ಮ ಕೂತ್ಕೋ ಅಂದೆ. ಅವಳೇ ಹಠ ಮಾಡಿದ್ಲು. ನನ್ನ ಮಗಳಿದ್ದ ಹಾಗೆ ಅವಳು" ಎಂದ.

ನಾನು ಗಡಿಯಾರಮ್ಮನ ಕಡೆ ತಿರುಗಿ, "ರೀಪ್ಲೇ ಸಿದ್ಧ ಇದೆ. ಧ್ವನಿ ಸಮೇತ. ಅರ್ಧ ಪರದೆಗೆ ಅದು, ಇನ್ನರ್ಧಕ್ಕೆ ಇವರ ಮುಖ" ಎಂದೆ. ಅವರು ನನ್ನ ಮುಂದಿನ ಪರದೆ ನೋಡಿದರು. ಮೇಜಿನ ಮೇಲಿನ ಬೆರಳು ನಿಂತುಹೋಯಿತು.

"ಇದು ಆಟದ ಕಥೆನಾ, ನಿನ್ನ ಕಥೆನಾ?"

"ಎರಡೂ, ಮೇಡಂ."

"ನೀನು ಸುಳ್ಳು ಹೇಳಿದ್ದಿದ್ರೆ ಬೇಡ ಅಂತಿದ್ದೆ" ಎಂದವರೇ ಹೆಡ್‌ಫೋನಿಗೆ ಬಾಯಿ ತಂದು "ರೀಪ್ಲೇ, ತಗೋ" ಎಂದರು.

ಆಮೇಲಿನದನ್ನು ನೀನೇ ನೋಡಿದ್ದೀಯೆ. ಕ್ರೀಡಾಂಗಣದ ದೊಡ್ಡ ಪರದೆಗೂ ನಮ್ಮದೇ ಚಿತ್ರ ಹೋಗುತ್ತದೆ. ಆತ "ಮಗಳು" ಎಂಬ ಮಾತು ಮುಗಿಸುವ ಮೊದಲೇ ಆತನದೇ ದನಿ ಛಾವಣಿಯಿಂದ "ಬೆಣ್ಣೆನಾ?" ಎಂದು ಕೇಳಿತು. ಮೇಲೆ ಕುಣಿಯುತ್ತಿದ್ದ ಜನ ನಿಂತರು, ನಮ್ಮ ತಲೆಯ ಮೇಲೆ ಧೂಳು ಬೀಳುವುದೂ ನಿಂತಿತು. ಆತ ಹಿಂದೆ ತಿರುಗಿ ಪರದೆ ನೋಡಿದ, ಕಾಲರ್ ಮುಟ್ಟಿ ನೋಡಿಕೊಂಡ. ಆ ಕೈ ಕಾಲರಿಗೆ ಹೋದದ್ದನ್ನು ಉದ್ದಣ್ಣ ಹತ್ತಿರದಿಂದ ಹಿಡಿದುಕೊಟ್ಟ. ಅದನ್ನೂ ತೋರಿಸಿದೆವು.

ಪಾಪ ಅನಿಸಲಿಲ್ಲವೇ ಎಂದು ನೀನು ಕೇಳಬಹುದು. ಇಲ್ಲ. ಹಸಿವಾಯಿತು. ಹೊಟ್ಟೆ ತುಂಬ ಉಂಡು, ಮಂಡಿಯ ಕೆಳಗೆ ದಿಂಬಿಲ್ಲದೆ ಮಲಗಿದೆ. ಮರುದಿನ ಕಾಲೇಜು ಆತನನ್ನು ಅಮಾನತು ಮಾಡಿ ವಿಚಾರಣೆಗೆ ಸಮಿತಿ ನೇಮಿಸಿತು. ರಟ್ಟಿನ ಪೆಟ್ಟಿಗೆ ಹೊತ್ತು ಕಾರಿನ ಕಡೆ ಹೋಗುತ್ತಿದ್ದವನನ್ನು ಕಿಟಕಿಯಿಂದ ಕಣ್ತುಂಬ ನೋಡಿದೆ. ಗೆದ್ದ ಅಷ್ಟೂ ಕಪ್ಪುಗಳನ್ನು ಒಂದೇ ಸಲಕ್ಕೆ ಎತ್ತಲು ಹೋಗಿ ಒಂದು ಉರುಳಿಬಿತ್ತು. ಯಾರೂ ಎತ್ತಿಕೊಡಲಿಲ್ಲ. ನಾನೂ ಇಳಿದು ಹೋಗಲಿಲ್ಲ.

ನನ್ನ ಸಂತೋಷಕ್ಕೆ ತಣ್ಣೀರು ಎರಚಿದವಳು ಜುಟ್ಟಿನ ಹುಡುಗಿ. ಮೊನ್ನೆ ಊರುಗೋಲು ಊರಿಕೊಂಡು ಕಂಟ್ರೋಲ್ ರೂಮಿನ ಬಾಗಿಲಿಗೆ ಬಂದಳು. ಕೃತಜ್ಞತೆ ಹೇಳಲು ಬಂದಳೇನೋ ಎಂದು ಕುರ್ಚಿ ಎಳೆದೆ. ಕೂರಲಿಲ್ಲ.

"ನಾನು ಅಳೋದನ್ನ ಊರಿಗೆಲ್ಲ ತೋರಿಸಿ ಅಂತ ನಿಮಗೆ ಯಾರು ಹೇಳಿದ್ರು?"

"ಅವನು ನಿನಗೆ ಮಾಡಿದ್ದನ್ನ ತೋರಿಸಿದೆ" ಎಂದೆ.

"ಅವರು ಬೈದ್ರು, ಹೌದು. ಆದ್ರೆ ನಾನೂ ಆಡ್ತೀನಿ ಅಂತಾನೇ ಎದ್ದೆ. ಯಾರಾದ್ರೂ ಕೇಳಿದ್ರಾ ನನ್ನನ್ನ? ನೀವು ಕೇಳಿದ್ರಾ?"

ನಾನೂ ಆವತ್ತು ಆಡ್ತೀನಿ ಅಂತಲೇ ಅಂದಿದ್ದೆ, ಅಕ್ಕ. ಆ ವಯಸ್ಸಿನಲ್ಲಿ ಆಟಗಾರ್ತಿ ಬೇರೇನೂ ಹೇಳುವುದಿಲ್ಲ. ಅವಳ ಕಾಲಿನ ಬಗ್ಗೆ ಬೇಡ ಎನ್ನಬೇಕಾದವರು ಬೇರೆಯವರು. ಇಷ್ಟನ್ನೇ ಅವಳಿಗೆ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ, ಟಕ್ ಟಕ್ ಎಂದು ಹೊರಟುಹೋದಳು. ನಿನಗೆ ಬರೆಯಲೇಬೇಕು ಎಂದುಕೊಂಡದ್ದು ಆಗಲೇ.

ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಗೋಡೆಯ ಮೂಲೆಯ ಜೇಡರಬಲೆಯೆಲ್ಲ ಕಾಣಿಸಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನೀನು ರೋಗಿಗಳ ಕೈಕಾಲು ತಿರುವುತ್ತಾ ನಿನ್ನ ಸೊಂಟ ಕೆಡಿಸಿಕೊಳ್ಳಬೇಡ. ಚಿಕ್ಕವಳಿಗೆ ಚಿಕ್ಕಮ್ಮನ ಮುತ್ತು. ಹೊಸ ಹಲ್ಲು ಗಟ್ಟಿಯಾಗಿ ಬರಲಿ, ಓಡಾಡುವ ಕಾಲು ಯಾವತ್ತೂ ನೋಯದಿರಲಿ, ನೂರು ವರ್ಷ ಜಿಗಿಯುತ್ತಿರಲಿ ಎಂದು ಹರಸಿದ್ದೇನೆಂದು ಹೇಳು.

ಇಂತಿ ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆವತ್ತು ತಂಡದ ಫಿಸಿಯೋ ನೀನು. ನನ್ನ ಮಂಡಿ ಊದಿರುವುದನ್ನು ನೀನು ಬೆಳಿಗ್ಗೆಯೇ ಮುಟ್ಟಿ ನೋಡಿದ್ದೆ. ದೊಡ್ಡ ಸರ್ ನನ್ನನ್ನು ಒಳಗೆ ಕಳಿಸುವ ಮುಂಚೆ ನಿನ್ನ ಕಡೆ ತಿರುಗಿ "ಆಡ್ತಾಳಾ?" ಎಂದು ಕೇಳಿದ. ನೀನು ನನ್ನನ್ನು ನೋಡಲಿಲ್ಲ, ಅವನನ್ನು ನೋಡಿ ಹೂಂ ಎಂಬಂತೆ ತಲೆಯಾಡಿಸಿದೆ. ಹೊಸ ಕೆಲಸ, ಹೆದರಿಕೆ, ಎಲ್ಲ ನನಗೆ ಅರ್ಥವಾಗುತ್ತದೆ. ಆಮೇಲೆ ನೀನು ತಿಂಗಳುಗಟ್ಟಲೆ ನನ್ನನ್ನು ಎತ್ತಿ ಕೂರಿಸಿ, ಕಾಲು ನೀವಿ, ನನ್ನ ಜೊತೆ ಅತ್ತೆ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವನಿಗೆ ಬುದ್ಧಿ ಕಲಿಸಿದೆ ಎಂದು ನೀನು ಬರೆದಾಗ ನನಗೆ ಮೈಯೆಲ್ಲ ಉರಿಯಿತು. ಆ ದಿನ ಯಾವ ಕ್ಯಾಮೆರಾವೂ ನಿನ್ನ ಮೇಲಿರಲಿಲ್ಲ, ನನ್ನ ಕಣ್ಣಿತ್ತು. ಸಮಿತಿಯವರು ಈಗ ನನ್ನ ಪ್ರಕರಣವನ್ನೂ ತೆಗೆದಿದ್ದಾರೆ. ಆಗಿನ ಫಿಸಿಯೋ ಯಾರು ಎಂದು ಕೇಳಿದರು, ಹೇಳಿದ್ದೇನೆ. ನಿನಗೆ ಕರೆ ಬರುತ್ತದೆ. ಬಾ ಅಕ್ಕ. ಈ ಸಲ ತಲೆಯಾಡಿಸಿದರೆ ಸಾಲದು, ಬಾಯಿ ಬಿಟ್ಟು ಹೇಳಬೇಕು.