ಬಲಭುಜದ ಸೆರಗು

ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಫೆಬ್ರವರಿ ಮೂವತ್ತು

ಅಜ್ಜಿ,

ನಿಮ್ಮ ಹೆಸರು ನನಗೆ ತಿಳಿಯದು. ನಮ್ಮವ್ವನ ಮುತ್ತಜ್ಜಿಗೆ ನೀವು ಅಜ್ಜಿ ಎಂದಷ್ಟೇ ಕೇಳಿದ್ದೇನೆ. ತಾರೀಖು ನೋಡಿ ಗಾಬರಿಯಾಗಬೇಡಿ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಪದಗಳು ಹೊಸದಾಗಿ ಕಂಡರೆ ಕ್ಷಮಿಸಿ.

ನಾವು ವಸತಿಗಳಲ್ಲಿ ಬದುಕುತ್ತೇವೆ. ವಸತಿಗಳಿಗೆ ಹೆಸರಿಲ್ಲ, ಸಂಖ್ಯೆ ಇದೆ. ಸತ್ತ ಮೇಲೆ ಮಾತ್ರ ಊರು ಸಿಗುತ್ತದೆ: ಹಿರಿಯರು ಯಾವ ಊರಿನವರೋ ಅಲ್ಲಿ ಹೂಳುತ್ತಾರೆ. ಅದಕ್ಕೆ ಮೂಲಮಣ್ಣು ಎನ್ನುತ್ತಾರೆ. ಊರು ಗೊತ್ತಿಲ್ಲದವರನ್ನು ಸುಟ್ಟು, ಬೂದಿಯನ್ನು ರಸ್ತೆಯ ಗಾರೆಗೆ ಬೆರೆಸುತ್ತಾರೆ. ಹಳೆಯ ದಾಖಲೆಗಳು ಉಳಿದಿಲ್ಲ. ಉಳಿದಿರುವುದು ನಿಮ್ಮ ಕಾಲದವರು ಪ್ರವಾಸದಲ್ಲಿ ತೆಗೆದುಕೊಂಡ ಚಿತ್ರಗಳು. ಪ್ರತಿ ಮಂಗಳವಾರ ಗುರುತುಕಟ್ಟೆಯಲ್ಲಿ ಅವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸುತ್ತಾರೆ. ಗೋಪುರ, ಗುಡ್ಡ, ಸೇತುವೆ ನೋಡಿ ಜನ ಊರನ್ನು ಊಹಿಸಬೇಕು. ಹಿರಿಯರು ಹೋಗಿ ನಿಂತ ಊರೇ ಅವರ ಊರು ಎಂಬುದು ಕಟ್ಟೆಯ ಲೆಕ್ಕ; ಮೂರು ಕೈ ಎದ್ದರೆ ಅದೇ ಊರು.

ಊಹಿಸುವುದು ಹೇಗೆ ಹೇಳಿ? ಚಿತ್ರದ ಮುಕ್ಕಾಲು ಭಾಗ ನಿಮ್ಮ ಮುಖವೇ. ಅಷ್ಟು ದೂರ ಹೋಗಿ, ನೋಡಲು ಹೋದದ್ದಕ್ಕೇ ಬೆನ್ನು ತಿರುಗಿಸಿ ನಕ್ಕಿದ್ದೀರಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವಷ್ಟು ಬುದ್ಧಿ ಒಂದು ಇಡೀ ಶತಮಾನಕ್ಕೆ ಇರಲಿಲ್ಲವೇ?

ನನ್ನ ಅಕ್ಕ ಶಿವಗಂಗವ್ವ ಕಾಯಿಲೆ ಬಿದ್ದಾಗ ನಿಮ್ಮ ಚಿತ್ರವನ್ನು ಕಟ್ಟೆಗೆ ಒಯ್ದೆವು. ನಿಮ್ಮ ಕಿವಿಯ ಹಿಂದೆ ಅರ್ಧ ಬುರುಜು, ಒಂದು ಗುಡ್ಡದ ಅಂಚು. ಸೆರಗು ಬಲಭುಜದ ಮೇಲೆ. ಬೆಳ್ಯಪ್ಪ ಎಂಬ ಮುದುಕರು ಎದ್ದು ನಿಂತರು. "ಸೆರಗು ನೋಡಿ ಮಾರಾಯ್ರೆ! ಬಲಭುಜಕ್ಕೆ ಸೆರಗು ಹಾಕುವುದು ನಮ್ಮ ಹೆಂಗಸರೇ. ಇವರು ನಮ್ಮ ಕೊಡಗಿನವರು!" ಅಕ್ಕ ಕೂತಲ್ಲಿಂದಲೇ, "ಸಾಯೋ ಹೊತ್ತಿನ್ಯಾಗ ನನಗ ಕಾಫಿ ಕುಡಿಯೋದು ಕಲಸ್ತಾನ ನೋಡು ಇಂವ" ಎಂದಳು. ಎಲ್ಲರೂ ನಕ್ಕರು. ಅವಳ ನಾಲಿಗೆಯಲ್ಲಿ ಇಡೀ ಉತ್ತರದ ಒಣನಾಡು ಇತ್ತು. ಆದರೆ ಕಟ್ಟೆಯ ನಿಯಮದಲ್ಲಿ ಚಿತ್ರವೇ ಸಾಕ್ಷಿ, ಮಾತು ಅಲ್ಲ. ಎರಡು ಕೈ ಎದ್ದವು. "ನೀನೂ ಎತ್ತಿಬಿಡವಾ ತಂಗಿ, ಬೆನ್ನು ನೋಯಾಕತ್ತೇತಿ" ಎಂದಳು ಅಕ್ಕ. ಮೂರನೆಯ ಕೈ ನನ್ನದು.

ಹದಿನೈದು ದಿನಕ್ಕೆ ಹೋದಳು. ಕೊಡಗಿನಲ್ಲಿ ಹೂಳಿದರು. ಒದ್ದೆ ಮಣ್ಣು ಹಾರೆಗೆ ಅಂಟುತ್ತಿತ್ತು. ನನಗೆ ಅಳು ಬರಲಿಲ್ಲ. ಮರಳಿ ಬಂದು ಅವಳ ಎರಡು ಸೀರೆ ಮಡಿಸಿಟ್ಟೆ.

ಹಳೆಯ ಪುಸ್ತಕ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಕಳೆದ ತಿಂಗಳು ನಿಮ್ಮ ಕಾಲದ ಫೋನಿನ ಕೈಪಿಡಿಯೊಂದು ಸಿಕ್ಕಿತು. ತನ್ನ ಚಿತ್ರ ತಾನೇ ತೆಗೆದುಕೊಂಡರೆ ಆ ಫೋನು ಕನ್ನಡಿಯಂತೆ ಎಡಬಲ ಅದಲುಬದಲು ಮಾಡುತ್ತಿತ್ತಂತೆ. ನಿಮ್ಮ ಚಿತ್ರವನ್ನು ಬಚ್ಚಲಿನ ಕನ್ನಡಿಗೆ ಹಿಡಿದೆ. ಸೆರಗು ಎಡಭುಜಕ್ಕೆ ಬಂತು, ಗುಡ್ಡ ಬುರುಜಿನ ಆ ಬದಿಗೆ ಹೋಯಿತು. ಕೋಟೆಗಳ ಹಳೆಯ ಪುಸ್ತಕವೊಂದರಲ್ಲಿ ಅದೇ ಬುರುಜು, ಅದೇ ಗುಡ್ಡ, ರೇಖೆಗೆ ರೇಖೆ ಕೂಡಿತು. ತುಂಗಭದ್ರೆಯ ಆಚೆ, ಉತ್ತರದ ಊರು.

ಕಚೇರಿಗೆ ಹೋಗಿ ಕೇಳಿದೆ. ದಾಖಲೆ ತಿದ್ದಬಹುದು, ಹೂಳಿದವರನ್ನು ತೆಗೆಯುವಂತಿಲ್ಲ ಎಂದರು. ತಿದ್ದಿದರೆ ಇನ್ನು ಮುಂದೆ ಸಾಯುವವರನ್ನು ಸರಿಯಾದ ಊರಿಗೇ ಒಯ್ಯುತ್ತಾರೆ. ನಮ್ಮ ಮನೆತನದಲ್ಲಿ ಇನ್ನು ಸಾಯಲು ಉಳಿದಿರುವವಳು ನಾನೊಬ್ಬಳೇ. ನನಗೆ ಎಂಬತ್ತು. ತಿದ್ದಲು ಬರೆದೊಯ್ದಿದ್ದ ಅರ್ಜಿಯನ್ನು ಅಲ್ಲೇ ಹರಿದೆ. ಆ ಊರಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ನಿಮ್ಮ ಕಾಲದವರಿಗೆ ಹೇಳಿ: ಎಲ್ಲಿಗೆ ಹೋದರೂ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಲಿ, ಊರಿನ ಹೆಸರು ಬರೆದಿಡಲಿ. ಆದರೆ ನೀವು ಆ ಬುರುಜಿನ ಮುಂದೆ ನಿಂತ ದಿನ ಮಾತ್ರ ಏನನ್ನೂ ಬರೆಯಬೇಡಿ. ಸರಿಯಲೂ ಬೇಡಿ. ಅಕ್ಕನ ಪಕ್ಕದಲ್ಲಿ ನನಗೆ ಆರಡಿ ಜಾಗ ಬಿಟ್ಟಿದ್ದಾರೆ.

ನಿಮ್ಮ ಕುಡಿ,
ಬಸಲಿಂಗವ್ವ